ಬಾಗಿಲಿಗಿಂತ ಎತ್ತರದ ಮನುಷ್ಯರು: ಕ್ರಿಸ್‌ಮಸ್ ಗ್ರಾಮದ ಪುಟ್ಟ ಗೊಂಬೆಗಳನ್ನು ಆರಿಸುವ, ನಿಲ್ಲಿಸುವ, ಕಾಪಾಡುವ ಬಗೆ

ಪ್ರಶ್ನೆ: ಮನೆ ಖಾಲಿ ಮಾಡಿದ ಹಿರಿಯ ಸಂಬಂಧಿಯೊಬ್ಬರು ತಾವು ದಶಕಗಳ ಕಾಲ ಕೂಡಿಸಿದ್ದ ಕ್ರಿಸ್‌ಮಸ್ ಗ್ರಾಮದ ಸಾಮಾನುಗಳನ್ನೆಲ್ಲ ನಮಗೆ ಕೊಟ್ಟಿದ್ದಾರೆ. ಒಳಗೆ ದೀಪ ಉರಿಯುವ ಪಿಂಗಾಣಿ ಮನೆಗಳು, ಐವತ್ತಕ್ಕೂ ಹೆಚ್ಚು ಮನುಷ್ಯರ ಗೊಂಬೆಗಳು, ದೀಪದ ಕಂಬಗಳು, ಮರಗಳು, ಗಾಡಿಗಳು ಇವೆ. ಕೆಲವು ಗೊಂಬೆಗಳು ಹಗುರ, ಕೆಲವು ಲೋಹದವು, ತುಂಬಾ ಭಾರ. ಒಂದು ಹಳೆಯ ಡಬ್ಬಿಯಲ್ಲಿ ಬಿಳಿಯ ಹಿಮದ ಪುಡಿಯೂ ಇದೆ. ಜೋಡಿಸಿ ನೋಡಿದಾಗ ಅನೇಕ ಗೊಂಬೆಗಳು ಮನೆಯ ಬಾಗಿಲಿಗಿಂತ ಎತ್ತರವಾಗಿ ಕಾಣುತ್ತವೆ. ಬೇರೆ ಬೇರೆ ಕಂಪನಿಗಳ ಗೊಂಬೆಗಳನ್ನು ಒಟ್ಟಿಗೆ ಇಡಬಹುದೇ? ಹೊಸದಾಗಿ ಏನನ್ನು ಕೊಳ್ಳಬೇಕು? ಇವುಗಳಿಗೆ ಬೆಲೆ ಇದೆಯೇ? ವರ್ಷದ ಉಳಿದ ಹನ್ನೊಂದು ತಿಂಗಳು ಹೇಗೆ ಇಡಬೇಕು? ಒಬ್ಬ ಸ್ಕೇಟಿಂಗ್ ಹುಡುಗಿಯ ಕೈ ಮುರಿದಿದೆ, ಅಂಟಿಸಬಹುದೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ನಿಜವಾಗಿ ಮುಖ್ಯವಾದದ್ದು ಎತ್ತರದ ಪ್ರಶ್ನೆ. ಅದನ್ನು ಬಗೆಹರಿಸಿಕೊಂಡರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಹೊಸದಾಗಿ ತರಬೇಕು ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಆದರೆ ಅದಕ್ಕೂ ಮೊದಲು ಎರಡು ವಸ್ತುಗಳನ್ನು ದಯವಿಟ್ಟು ಇಂದೇ ಬೇರೆ ತೆಗೆದಿಡಿ.

ಮೊದಲನೆಯದು ಆ ಹಿಮದ ಡಬ್ಬಿ. 1930 ಮತ್ತು 1940ರ ದಶಕಗಳಲ್ಲಿ ಕ್ರಿಸ್‌ಮಸ್ ಅಲಂಕಾರಕ್ಕೆಂದು ಮಾರಾಟವಾಗುತ್ತಿದ್ದ ಕೃತಕ ಹಿಮದ ಕೆಲವು ಬಗೆಗಳು ಶುದ್ಧ ಆಸ್ಬೆಸ್ಟಾಸ್, ಅಂದರೆ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯ ತರುವ ನಾರಿನ ಖನಿಜ, ಆಗಿದ್ದವು. ಹತ್ತಿಯ ಹಿಮಕ್ಕೆ ಬೆಂಕಿ ತಗಲುತ್ತದೆ, ಇದಕ್ಕೆ ತಗಲುವುದಿಲ್ಲ ಎಂಬುದೇ ಆಗ ಅದರ ಹೆಚ್ಚುಗಾರಿಕೆಯಾಗಿತ್ತು. ನಿಮ್ಮ ಡಬ್ಬಿ ಅಷ್ಟು ಹಳೆಯದೆಂಬ ಸಂಶಯ ಎಳ್ಳಷ್ಟಿದ್ದರೂ ಅದನ್ನು ತೆರೆಯಬೇಡಿ, ಅಲುಗಾಡಿಸಬೇಡಿ. ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು, ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಿ. ಆ ಪುಡಿ ಉದುರಿ ಬಿದ್ದಿರುವ ಹಳೆಯ ಮರ ಅಥವಾ ರಟ್ಟಿನ ಮನೆಗಳಿದ್ದರೆ ಅವನ್ನೂ ಹಾಗೆಯೇ ಕಟ್ಟಿಡಿ. ಎರಡನೆಯದು ಭಾರದ ಲೋಹದ ಗೊಂಬೆಗಳು. ಗಾತ್ರಕ್ಕೆ ಮೀರಿದ ತೂಕವಿದ್ದು, ಬಣ್ಣ ಕಿತ್ತುಹೋದ ಕಡೆ ಮಂಕು ಬೂದು ಬಣ್ಣ ಕಾಣುತ್ತಿದ್ದರೆ ಅವು ಸೀಸ ಬೆರೆತ ಗೊಂಬೆಗಳೆಂದೇ ತಿಳಿಯಿರಿ. ಗಾಜಿನ ಹಿಂದೆ ಇಟ್ಟು ನೋಡುವುದಕ್ಕೆ ಅಡ್ಡಿಯಿಲ್ಲ, ಆದರೆ ಮಕ್ಕಳ ಕೈಗೆ ಸಿಗಬಾರದು, ಮುಟ್ಟಿದ ಮೇಲೆ ನೀವೂ ಕೈ ತೊಳೆಯಬೇಕು. ಅವುಗಳ ಮೇಲೆ ಬಿಳಿಯ ಹಿಟ್ಟಿನಂಥ ಪುಡಿ ಎದ್ದಿದ್ದರೆ ಬಾಯಿಂದ ಊದುವುದು, ಬ್ರಷ್ಷಿನಿಂದ ಕೊಡವುವುದು ಎರಡೂ ಬೇಡ. ಅದು ಧೂಳಲ್ಲ, ಸೀಸದ ಕಾರ್ಬೊನೇಟ್. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಇನ್ನು ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ಗುರುತಿಸಿಕೊಳ್ಳೋಣ. ಇಂತಹ ಗ್ರಾಮ ಜೋಡಿಸುವ ಅಭ್ಯಾಸದ ಹಳೆಯ ಬೇರುಗಳಲ್ಲಿ ಒಂದು, 1741ರಲ್ಲಿ ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಊರನ್ನು ಕಟ್ಟಿದ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದವರಲ್ಲಿದೆ. ಕ್ರಿಸ್ತ ಜನನದ ದೃಶ್ಯದ ಸುತ್ತ ಪಾಚಿ, ಕಲ್ಲು, ಮರದ ಪ್ರಾಣಿಗಳು, ಮನೆಗಳನ್ನಿಟ್ಟು ಅವರು ಕಟ್ಟುತ್ತಿದ್ದ ಪುಟ್ಜ್ ಎಂಬ ಜೋಡಣೆ ಮುಂದೆ ಅಮೆರಿಕದ ಇತರ ಮನೆಗಳಿಗೂ ಹಬ್ಬಿ, ಕ್ರಿಸ್‌ಮಸ್ ಮರದ ಬುಡಕ್ಕೆ ಬಂದು, ಆಟಿಕೆ ರೈಲಿನ ಜೊತೆ ಸೇರಿಕೊಂಡಿತು. 1920 ಮತ್ತು 30ರ ದಶಕಗಳಲ್ಲಿ ಜಪಾನಿನಿಂದ ಹಿಂಬದಿಯಲ್ಲಿ ಬಲ್ಬಿಗೆ ತೂತಿರುವ ರಟ್ಟಿನ ಪುಟ್ಟ ಮನೆಗಳು ಬಂದವು. ಅದೇ ಹೊತ್ತಿಗೆ ನ್ಯೂ ಜೆರ್ಸಿಯ ಬಾರ್ಕ್ಲೇ ಕಂಪನಿ ಅಗ್ಗದ ಅಂಗಡಿಗಳಿಗಾಗಿ ಸೀಸದ ಸೈನಿಕರ ಜೊತೆಗೆ ಸ್ಕೇಟಿಂಗ್ ಮಾಡುವವರು, ಜಾರುಬಂಡಿ ಹುಡುಗರು ಮುಂತಾದ ಚಳಿಗಾಲದ ಗೊಂಬೆಗಳನ್ನು ಎರಕ ಹೊಯ್ಯುತ್ತಿತ್ತು. ನಿಮ್ಮ ಭಾರದ ಗೊಂಬೆಗಳು ಈ ಬಳಗದವಾಗಿರುವ ಸಾಧ್ಯತೆ ಹೆಚ್ಚು. 1947ರಲ್ಲಿ ಬಂದ ಬಾಕ್‌ಮನ್ ಕಂಪನಿಯ ಪ್ಲಾಸ್ಟಿಕ್‌ವಿಲ್ ಮನೆಗಳು ರೈಲಿನ ಹಳಿಯ ಬದಿಗೆಂದೇ ಮಾಡಿದವು.

ಇಂದು ನಾವು ಸಂಗ್ರಹ ಎನ್ನುವ ಪಿಂಗಾಣಿ ಗ್ರಾಮ ಶುರುವಾದದ್ದು 1976ರಲ್ಲಿ. ಮಿನ್ನೆಸೋಟಾದ ಬಾಕ್‌ಮನ್ಸ್ ಎಂಬ ಹೂವಿನ ವ್ಯಾಪಾರದ ಮನೆತನದ ಒಂದು ವಿಭಾಗವಾಗಿ ಹುಟ್ಟಿದ ಡಿಪಾರ್ಟ್‌ಮೆಂಟ್ 56 ಆ ವರ್ಷ ಸ್ನೋ ವಿಲೇಜ್ ಹೆಸರಿನಲ್ಲಿ ಒಳಗೆ ದೀಪವಿರುವ ಆರು ಕಟ್ಟಡಗಳನ್ನು ಹೊರತಂದಿತು. (ಮೇಲೆ ಹೇಳಿದ ಪ್ಲಾಸ್ಟಿಕ್ ಮನೆಗಳ ಬಾಕ್‌ಮನ್ ಬೇರೆ, ಈ ಹೂವಿನವರು ಬೇರೆ. ಹೆಸರಿನ ಹೋಲಿಕೆಯಿಂದ ಹರಾಜಿನ ವಿವರಣೆಗಳಲ್ಲಿ ಸಾಕಷ್ಟು ಗೊಂದಲವಾಗುತ್ತದೆ.) 1984ರಲ್ಲಿ ಏಳು ಅಂಗಡಿಗಳ ಗುಂಪಿನೊಂದಿಗೆ ಡಿಕನ್ಸ್ ವಿಲೇಜ್ ಬಂತು, 1986ರಲ್ಲಿ ನ್ಯೂ ಇಂಗ್ಲೆಂಡ್ ಮತ್ತು ಆಲ್ಪೈನ್ ಗ್ರಾಮಗಳು, 1987ರಲ್ಲಿ ಕ್ರಿಸ್‌ಮಸ್ ಇನ್ ದ ಸಿಟಿ, 1990ರಲ್ಲಿ ನಾರ್ತ್ ಪೋಲ್. 2009ರಲ್ಲಿ ಈ ಬ್ರಾಂಡು ಎನೆಸ್ಕೋ ಸಂಸ್ಥೆಯ ಕೈ ಸೇರಿತು. ಆದ್ದರಿಂದ ಈ ಬ್ರಾಂಡಿನ ಯಾವುದಾದರೂ ಪೆಟ್ಟಿಗೆಯ ಮೇಲೆ ಎನೆಸ್ಕೋ ಹೆಸರೂ ಇದ್ದರೆ ಅದು ಆ ಬಳಿಕದ್ದು. ಇದರ ಎದುರಿಗೆ, ಹೆಚ್ಚು ಅಗ್ಗವಾಗಿ, ಹೆಚ್ಚು ವೈವಿಧ್ಯದಲ್ಲಿ ಸಿಗುವುದು ಲೀಮ್ಯಾಕ್ಸ್ ಕಂಪನಿಯ ಸಾಮಾನು. ಅದರ ಮೇಲಿನ ಐದು ಅಂಕೆಗಳ ಸಂಖ್ಯೆಯಲ್ಲಿ ಮೊದಲ ಅಂಕೆ ಸಾಮಾನ್ಯವಾಗಿ ಬಿಡುಗಡೆಯಾದ ವರ್ಷದ ಕೊನೆಯ ಅಂಕೆಯಾಗಿರುತ್ತದೆ. ಎರಡನೆಯ ಅಂಕೆ ವಸ್ತುವಿನ ಬಗೆಯನ್ನು ಹೇಳುತ್ತದೆ. ಎರಡು ಎಂದಿದ್ದರೆ ಗೊಂಬೆ, ಐದು ಎಂದಿದ್ದರೆ ದೀಪದ ಕಟ್ಟಡ. ಹೀಗೆ ಒಂದೊಂದನ್ನೂ ಬೋರಲು ಹಾಕಿ ತಳದ ಮುದ್ರೆ ಓದುವುದರಲ್ಲಿ ಒಂದು ಸಂಜೆ ಕಳೆದರೆ ನಿಮ್ಮ ಸಂಗ್ರಹದ ಅರ್ಧ ಚರಿತ್ರೆ ಕೈಗೆ ಬರುತ್ತದೆ.

ಈಗ ಎತ್ತರದ ಪ್ರಶ್ನೆ. ಕಂಪನಿಗಳು ಬೇರೆ ಬೇರೆಯಾದದ್ದರಿಂದ ಅಳತೆ ತಪ್ಪಿದೆ ಎಂದು ನೀವು ಭಾವಿಸಿರುವಂತಿದೆ. ನಿಜ ಸಂಗತಿಯೆಂದರೆ ಒಂದೇ ಕಂಪನಿಯ, ಒಂದೇ ಮಾಲಿಕೆಯ ಮನೆಗೂ ಗೊಂಬೆಗೂ ಅಳತೆ ಹೊಂದುವುದಿಲ್ಲ. ಅಳತೆಪಟ್ಟಿ ಹಿಡಿದು ನೋಡಿ. ಈ ಗ್ರಾಮಗಳ ಸಾಮಾನ್ಯ ವಯಸ್ಕ ಗೊಂಬೆ 50ರಿಂದ 65 ಮಿಲಿಮೀಟರ್ ಎತ್ತರವಿರುತ್ತದೆ. ನಿಜವಾದ ಮನುಷ್ಯನನ್ನು 175 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 60 ಮಿಲಿಮೀಟರಿನ ಗೊಂಬೆ ಸುಮಾರು 1:30ರ ಅನುಪಾತದಲ್ಲಿದೆ. ಅದರ ಪಕ್ಕದ ಎರಡಂತಸ್ತಿನ ಮನೆ 18 ಸೆಂಟಿಮೀಟರ್ ಇದ್ದರೆ, ಅಂತಹ ನಿಜವಾದ ಮನೆ ಸುಮಾರು ಎಂಟೂವರೆ ಮೀಟರ್ ಇರುವುದರಿಂದ, ಅದರ ಅನುಪಾತ 1:47ರ ಆಸುಪಾಸು. ಬಾಗಿಲಿನ ಕಥೆ ಇನ್ನೂ ಹದಗೆಟ್ಟಿರುತ್ತದೆ. ಎರಡು ಮೀಟರ್ ಇರಬೇಕಾದ ಬಾಗಿಲು 35 ಮಿಲಿಮೀಟರ್ ಇದ್ದರೆ ಅದು 1:57. ಅಂದರೆ ಮನೆ ಒಂದು ಅಳತೆಯದು, ಅದರ ಬಾಗಿಲು ಇನ್ನೊಂದು, ಬಾಗಿಲ ಮುಂದೆ ನಿಂತವನು ಮೂರನೆಯದು. ಇದು ತಯಾರಕರ ಅಜಾಗರೂಕತೆಯಲ್ಲ. ಗೊಂಬೆಯನ್ನು ಮನೆಯ ಅಳತೆಗೆ ಇಳಿಸಿದರೆ ಅದರ ಮುಖ, ಕೈಯ ಬುಟ್ಟಿ, ಕತ್ತಿನ ಮಫ್ಲರ್ ಒಂದೂ ಕಾಣುವುದಿಲ್ಲ, ಮನೆಯನ್ನು ಗೊಂಬೆಯ ಅಳತೆಗೆ ಏರಿಸಿದರೆ ನಾಲ್ಕು ಮನೆಗೆ ಮೇಜು ತುಂಬಿಹೋಗುತ್ತದೆ. ಆದ್ದರಿಂದ ಅವರು ಬೇಕೆಂದೇ ಮಾಡಿಕೊಂಡ ರಾಜಿ ಇದು.

ಹಾಗಾಗಿ ನೀವು ಹುಡುಕಬೇಕಾದದ್ದು ಅಳತೆಯ ಹೊಂದಿಕೆಯನ್ನಲ್ಲ, ಅಳತೆಯ ಮೇಲೆ ಕಣ್ಣು ಬೀಳದಂತೆ ಮಾಡುವ ಜೋಡಣೆಯನ್ನು. ಗೊಂಬೆಯನ್ನು ಬಾಗಿಲಿಗೆ ಆನಿಸಿ ನಿಲ್ಲಿಸುವುದೇ ಎಲ್ಲ ಎಡವಟ್ಟಿನ ಮೂಲ. ಬಾಗಿಲು, ಕಿಟಕಿ, ಮೆಟ್ಟಿಲು ಈ ಮೂರನ್ನೂ ನೋಡುಗನ ಕಣ್ಣು ಮನುಷ್ಯನ ಅಳತೆಗೋಲಾಗಿ ಬಳಸುತ್ತದೆ. ಅವುಗಳಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಮುಂದಕ್ಕೆ ಗೊಂಬೆಯನ್ನು ತಂದು, ನಡುವೆ ಒಂದು ಬೇಲಿಯನ್ನೋ ಹಿಮದ ದಿಬ್ಬವನ್ನೋ ಮರವನ್ನೋ ಇಟ್ಟರೆ ಹೋಲಿಸುವ ದಾರಿ ತಪ್ಪಿ, ಗೊಂಬೆ ನಮಗೆ ಹತ್ತಿರದಲ್ಲಿರುವ ಮನುಷ್ಯನಾಗಿಯೂ ಮನೆ ಸ್ವಲ್ಪ ದೂರದ್ದಾಗಿಯೂ ಕಾಣತೊಡಗುತ್ತವೆ. ಇದೇ ತತ್ತ್ವವನ್ನು ಇಡೀ ಮೇಜಿಗೆ ಹಬ್ಬಿಸಿ. ಮುಂದಿನ ಅಂಚಿನಲ್ಲಿ 60 ಮಿಲಿಮೀಟರಿನವರು, ನಡುವಿನಲ್ಲಿ ಅಮೆರಿಕದ ಓ ಸ್ಕೇಲ್ ರೈಲುಗಳಿಗೆ ಮಾಡಿದ 1:48ರ ಗೊಂಬೆಗಳು, ಅಂದರೆ ಸುಮಾರು 36 ಮಿಲಿಮೀಟರಿನವು, ಹಿಂದಿನ ಬೆಟ್ಟದ ಮೇಲೆ 1:87ರ ಎಚ್‌ಓ ಗೊಂಬೆಗಳು, ಅಂದರೆ 20 ಮಿಲಿಮೀಟರಿನವು. ರೈಲು ಮಾದರಿಯವರ ಈ ಚಿಕ್ಕ ಗೊಂಬೆಗಳನ್ನು ಗ್ರಾಮ ಕೂಡಿಸುವವರು ಸಾಮಾನ್ಯವಾಗಿ ತಿರುಗಿಯೂ ನೋಡುವುದಿಲ್ಲ, ಅದು ದೊಡ್ಡ ನಷ್ಟ. ಬಾಗಿಲ ಬಳಿ ಯಾರಾದರೂ ನಿಲ್ಲಲೇಬೇಕು ಎನ್ನುವಾಗ ಅಲ್ಲಿಗೆ 60 ಮಿಲಿಮೀಟರಿನವರಿಗಿಂತ ಹೆಚ್ಚು ಹೊಂದುವುದು ಅವೇ. ರಸ್ತೆಯನ್ನೂ ಮುಂದೆ ಹತ್ತು ಸೆಂಟಿಮೀಟರ್ ಅಗಲವಿಟ್ಟು, ಹಿಂದಕ್ಕೆ ಹೋದಂತೆ ನಾಲ್ಕಕ್ಕೆ ಕಿರಿದುಗೊಳಿಸಿ. ಹಿಂಬದಿಯ ನೆಲವನ್ನು ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಲಗೆಗಳಿಂದ ಐದೈದು ಸೆಂಟಿಮೀಟರಿನ ಹಂತಗಳಲ್ಲಿ ಏರಿಸಿ. ಆ ಹಲಗೆಗೆ ಸಾಲ್ವೆಂಟ್ ಇರುವ ಅಂಟು ಹಚ್ಚಿದರೆ ಫೋಮ್ ಕರಗಿಹೋಗುತ್ತದೆ, ನೀರಿನ ಬಿಳಿ ಅಂಟೇ ಸಾಕು.

ಎರಡು ಕಂಪನಿಗಳ ಗೊಂಬೆಗಳನ್ನು ಬೆರೆಸಬಹುದೇ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಬಂತು. ಧಾರಾಳವಾಗಿ ಬೆರೆಸಬಹುದು. ಆದರೆ ಒಂದೇ ಗುಂಪಿನೊಳಗೆ, ಅಂದರೆ ಮಾತಾಡುತ್ತಿರುವ ಇಬ್ಬರ ನಡುವೆಯೋ ಹಾಡುತ್ತಿರುವ ನಾಲ್ವರ ನಡುವೆಯೋ, ತಲೆಯ ಗಾತ್ರ ಒಂದೇ ಇರಬೇಕು. ಒಟ್ಟು ಎತ್ತರಕ್ಕಿಂತ ತಲೆಯ ಗಾತ್ರ ನೋಡಿ, ಏಕೆಂದರೆ ಎತ್ತರದ ವ್ಯತ್ಯಾಸವನ್ನು ನಾವು ಉದ್ದ ಗಿಡ್ಡ ಜನರೆಂದು ಸುಲಭವಾಗಿ ಒಪ್ಪುತ್ತೇವೆ, ದೊಡ್ಡ ತಲೆ ಸಣ್ಣ ತಲೆಯನ್ನು ಒಪ್ಪುವುದಿಲ್ಲ. ಹಾಗೆಯೇ ಹೊಳಪು. ಸ್ನೋ ವಿಲೇಜಿನ ವಸ್ತುಗಳಿಗೆ ಗಾಜಿನ ಮೆರುಗಿದೆ, ಡಿಕನ್ಸ್ ವಿಲೇಜಿನವು ಮೆರುಗಿಲ್ಲದ ಪಿಂಗಾಣಿ. ಈ ಎರಡನ್ನು ಒಂದೇ ಬೀದಿಯಲ್ಲಿಟ್ಟರೆ ದೀಪದ ಬೆಳಕಿನಲ್ಲಿ ಒಂದು ಒದ್ದೆಯಾಗಿಯೂ ಇನ್ನೊಂದು ಒಣಗಿದಂತೆಯೂ ಕಾಣುತ್ತದೆ. ನನ್ನ ಕಣ್ಣಿಗಂತೂ ಇದು ಅಳತೆಯ ತಪ್ಪಿಗಿಂತ ಹೆಚ್ಚು ಚುಚ್ಚುತ್ತದೆ.

ಕಾಲದ ಹೊಂದಾಣಿಕೆಯ ವಿಷಯದಲ್ಲಿ ಸಂಗ್ರಾಹಕರಲ್ಲಿ ಎರಡು ಪಂಥಗಳಿವೆ. ಹಬ್ಬದ ಅಲಂಕಾರಕ್ಕೆ ಇಷ್ಟೆಲ್ಲ ಇತಿಹಾಸ ಯಾಕೆ ಎನ್ನುವವರು ಒಂದು ಕಡೆ, ಕುದುರೆಗಾಡಿಯ ಬೀದಿಯಲ್ಲಿ ಮೋಟಾರು ಕಂಡರೆ ಸಹಿಸದವರು ಇನ್ನೊಂದು ಕಡೆ. ನಾನು ಎರಡನೆಯ ಪಂಥದ ಕಡೆ ವಾಲಿದವನು, ಆದರೆ ಕಾರಣ ಪಾಂಡಿತ್ಯವಲ್ಲ. ಕಾಲವೊಂದನ್ನು ಗೊತ್ತುಮಾಡಿಕೊಂಡರೆ ಕೊಳ್ಳುವ ಚಪಲಕ್ಕೆ ಲಗಾಮು ಬೀಳುತ್ತದೆ. ಉದಾಹರಣೆಗೆ ನಿಮ್ಮ ಬೀದಿ 1840ರ ದಶಕದ ಲಂಡನ್ ಎಂದುಕೊಳ್ಳಿ. ಗ್ಯಾಸ್ ದೀಪದ ಕಂಬಗಳು ಸರಿ, ಅವು ಆ ನಗರಕ್ಕೆ 1807ರಲ್ಲೇ ಬಂದಿದ್ದವು. ಆದರೆ ಬೀದಿಯ ಮೂಲೆಯ ಕೆಂಪು ಅಂಚೆ ಕಂಬ, ಅಂದರೆ ಕಂಬದಾಕಾರದ ಅಂಚೆ ಪೆಟ್ಟಿಗೆ, ಅಲ್ಲಿರಲಾರದು. ಬ್ರಿಟನ್ನಿನ ಮುಖ್ಯ ನೆಲದಲ್ಲಿ ಅಂಚೆ ಕಂಬಗಳು ನಿಂತದ್ದು 1853ರಲ್ಲಿ, ಅವಕ್ಕೆ ಕೆಂಪು ಬಣ್ಣ ಬಂದದ್ದು 1874ರಿಂದ, ಅದಕ್ಕೂ ಮುಂಚೆ ಹಸಿರು. ವಿದ್ಯುತ್ ದೀಪಗಳ ಸರ ಸುತ್ತಿದ ಕ್ರಿಸ್‌ಮಸ್ ಮರವಂತೂ ಇನ್ನೂ ದೂರದ ಮಾತು. ಅದನ್ನು ಮೊದಲು ಬೆಳಗಿಸಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲಿ, ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್. ಇಷ್ಟಾದರೂ ಮಾರುಕಟ್ಟೆಯ ಹಳೆಗಾಲದ ಗ್ರಾಮಗಳಲ್ಲಿ ಕೆಂಪು ಅಂಚೆ ಕಂಬವೂ ದೀಪದ ಸರವೂ ತಪ್ಪದೆ ಇರುತ್ತವೆ. ನಿಮ್ಮ ಬಳಿ ಈಗಾಗಲೇ ಇದ್ದರೆ ಬಿಸಾಡಬೇಕಿಲ್ಲ, ಬೀದಿಯನ್ನೇ 1890ಕ್ಕೆ ತಂದರೆ ಎರಡೂ ನೆಮ್ಮದಿಯಾಗಿ ನಿಲ್ಲುತ್ತವೆ.

ಗೊಂಬೆಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನನ್ನದೊಂದೇ ಕಟ್ಟುನಿಟ್ಟು. ಪ್ರತಿಯೊಂದು ಗೊಂಬೆಗೂ ಅಲ್ಲಿರಲು ಒಂದು ಕೆಲಸವಿರಬೇಕು, ಅದರ ನೋಟಕ್ಕೆ ಒಂದು ಗುರಿಯಿರಬೇಕು. ಅಂಗಡಿಯಲ್ಲಿ ಇಟ್ಟಂತೆ ಎಲ್ಲರನ್ನೂ ನೋಡುಗನ ಕಡೆ ಮುಖ ಮಾಡಿ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಉದಾಹರಣೆಗೆ, ಮರದ ದಿಮ್ಮಿ ಹೊತ್ತ ಮನುಷ್ಯನ ಗೊಂಬೆಯೊಂದನ್ನು ತೆಗೆದುಕೊಳ್ಳಿ. ಅವನನ್ನು ಚೌಕದ ಮಧ್ಯೆ ನಿಲ್ಲಿಸಿದರೆ ಅವನು ಬರೀ ಗೊಂಬೆ. ಕಾಡಿನ ಅಂಚಿನಿಂದ ಊರ ಕಡೆ ಮುಕ್ಕಾಲು ಬೆನ್ನು ನಮಗೆ ತಿರುಗಿಸಿ ನಿಲ್ಲಿಸಿ, ಹಿಂದೆ ಹಿಮದಲ್ಲಿ ಪೆನ್ಸಿಲ್ಲಿನ ಮೊಂಡು ತುದಿಯಿಂದ ಆರೇಳು ಹೆಜ್ಜೆ ಗುರುತು ಒತ್ತಿ, ಅವನು ಹೋಗುತ್ತಿರುವ ಮನೆಯ ಗೋಡೆಗೆ ಎರಡು ಕಟ್ಟಿಗೆ ತುಂಡು ಒರಗಿಸಿಟ್ಟರೆ ಅವನು ಎಲ್ಲಿಂದ ಬಂದ, ಎಲ್ಲಿಗೆ ಹೊರಟ ಎಂಬುದನ್ನು ಯಾರೂ ಕೇಳಬೇಕಿಲ್ಲ. ಹಾಡುವ ಗುಂಪಿಗೆ ಕೇಳುಗರು ಬೇಕು, ಕಿಟಕಿಯ ಬಳಿ ಒಬ್ಬರಾದರೂ ಸಾಕು. ಸ್ಕೇಟಿಂಗ್ ಕೊಳದ ದಂಡೆಯಲ್ಲಿ ಬೂಟು ಕಟ್ಟಿಕೊಳ್ಳುತ್ತಿರುವ ಮಗುವೊಂದು ಕೊಳದೊಳಗಿನ ಐದು ಜನರಿಗಿಂತ ಹೆಚ್ಚು ಹೇಳುತ್ತದೆ. ಐವತ್ತು ಗೊಂಬೆಗಳಿವೆಯೆಂದು ಐವತ್ತನ್ನೂ ಒಮ್ಮೆಗೆ ಇಡಬೇಡಿ. ಇಪ್ಪತ್ತು ಸಾಕು, ಅವೂ ಮೂರು ನಾಲ್ಕು ಗುಂಪುಗಳಾಗಿ ಸೇರಿ, ನಡುವೆ ಖಾಲಿ ಹಿಮ ಉಳಿಯಬೇಕು. ಉಳಿದವರು ಮುಂದಿನ ವರ್ಷಕ್ಕೆ.

ಹೊಸದಾಗಿ ಕೊಳ್ಳುವುದಾದರೆ ಮನೆಗಳನ್ನು ಕೊಳ್ಳಬೇಡಿ, ನಿಮ್ಮಲ್ಲಿ ಸಾಕಷ್ಟಿವೆ. ಮೊದಲು ಮರಗಳನ್ನು ತನ್ನಿ, ಒಂದೇ ಎತ್ತರದವನ್ನಲ್ಲ, ಐದರಿಂದ ಮೂವತ್ತು ಸೆಂಟಿಮೀಟರಿನವರೆಗೆ ಬೇರೆ ಬೇರೆ ಎತ್ತರದವನ್ನು. ತಿರುಚಿದ ತಂತಿಯಲ್ಲಿ ಸಿಸಾಲ್ (ಕತ್ತಾಳೆ) ನಾರನ್ನು ಹಿಡಿದು ಮಾಡಿದ ಮರಗಳನ್ನು ಕತ್ತರಿಯಿಂದ ಅಲ್ಲಲ್ಲಿ ಕತ್ತರಿಸಿ ಓರೆಕೋರೆ ಮಾಡಿದರೆ ಕಾರ್ಖಾನೆಯ ಅಚ್ಚುಕಟ್ಟು ಹೋಗಿ ಜೀವ ಬರುತ್ತದೆ. ಆಮೇಲೆ ಕೆಲಸ ಮಾಡುತ್ತಿರುವ ಗೊಂಬೆಗಳು: ಹಿಮ ಗುಡಿಸುವವನು, ಏಣಿ ಹತ್ತಿದವನು, ಗಾಡಿಯಿಂದ ಸಾಮಾನು ಇಳಿಸುವವನು. ಸುಮ್ಮನೆ ಕೈಬೀಸುವ ಗೊಂಬೆಗಳೂ ಸಾಂತಾಕ್ಲಾಸ್‌ಗಳೂ ಯಾವ ಸಂಗ್ರಹದಲ್ಲೂ ಆಗಲೇ ಬೇಕಾದುದಕ್ಕಿಂತ ಹೆಚ್ಚಿರುತ್ತವೆ.

ಚಲಿಸುವ ಪರಿಕರಗಳ ಬಗ್ಗೆ ಎರಡು ಮಾತು. ಸ್ಕೇಟಿಂಗ್ ಕೊಳದಲ್ಲಿ ಹಿಮದ ತಟ್ಟೆಯ ಕೆಳಗೆ ಮೋಟಾರು ಆಯಸ್ಕಾಂತಗಳನ್ನು ಸುತ್ತಿಸುತ್ತದೆ, ಗೊಂಬೆಯ ತಳದ ಆಯಸ್ಕಾಂತ ಅದನ್ನು ಹಿಂಬಾಲಿಸುತ್ತದೆ. ಸಡಿಲವಾದ ಪ್ಲಾಸ್ಟಿಕ್ ಹಿಮವನ್ನು ಇದರ ಹತ್ತಿರ ಉದುರಿಸಿದರೆ ಅದು ಒಳಕ್ಕಿಳಿದು ಮೋಟಾರನ್ನು ಕೆಡಿಸುತ್ತದೆ. ಅಡಾಪ್ಟರುಗಳನ್ನು ಅದಲುಬದಲು ಮಾಡಬೇಡಿ. ಲೀಮ್ಯಾಕ್ಸಿನ ಬಹುಪಾಲು ಪರಿಕರಗಳು 4.5 ವೋಲ್ಟಿನವು, ಡಿಪಾರ್ಟ್‌ಮೆಂಟ್ 56ರ ಅನೇಕ ಪರಿಕರಗಳು 3 ವೋಲ್ಟಿನವು. ಹಳೆಯ ಮನೆಗಳ ಬಲ್ಬಿನ ತಂತಿಗಳು ಅಮೆರಿಕದ 120 ವೋಲ್ಟಿಗೆ ಮಾಡಿದವು, ಅವನ್ನು 220ರಿಂದ 240 ವೋಲ್ಟ್ ಇರುವ ಕಡೆ ನೇರವಾಗಿ ಪ್ಲಗ್ಗಿಗೆ ಹಾಕಲೇಬಾರದು. ನನ್ನನ್ನು ಕೇಳಿದರೆ ಆ ಬಲ್ಬುಗಳನ್ನೇ ತೆಗೆದು ಬ್ಯಾಟರಿಯ ಎಲ್‌ಇಡಿ ಇಡುವುದು ಒಳ್ಳೆಯದು, ಏಕೆಂದರೆ ಅವುಗಳ ಬಿಸಿ ಹತ್ತಿಯ ಅಥವಾ ಪಾಲಿಯೆಸ್ಟರಿನ ಹಿಮದ ಹಾಸಿಗೆ ಹತ್ತಿರವಿರುವುದು ಸರಿಯಲ್ಲ. ದೀಪವಿರುವ ಗೊಂಬೆಗಳ ಗುಂಡಿ ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇರಲಿ. ಆ ಬ್ಯಾಟರಿಯನ್ನು ನುಂಗಿದ ಮಗುವಿನ ಅನ್ನನಾಳ ಎರಡು ಗಂಟೆಯೊಳಗೆ ತೀವ್ರವಾಗಿ ಸುಡಬಹುದು.

ಬೆಲೆಯ ವಿಷಯದಲ್ಲಿ ನಿರಾಸೆಗೆ ಸಿದ್ಧರಾಗಿರಿ. ಕಂಪನಿಗಳು ಒಂದು ವಸ್ತುವಿನ ತಯಾರಿಕೆ ನಿಲ್ಲಿಸಿ ನಿವೃತ್ತವಾಯಿತೆಂದು ಘೋಷಿಸುವ ಪದ್ಧತಿ 1990ರ ದಶಕದಲ್ಲಿ ಬೆಲೆಗಳನ್ನು ಏರಿಸಿತು, ಜನ ಹೂಡಿಕೆಯೆಂದೇ ಕೊಂಡರು. ಆನ್‌ಲೈನ್ ಹರಾಜುಗಳು ಬಂದ ಮೇಲೆ ಅಪರೂಪವೆಂದುಕೊಂಡದ್ದು ಎಷ್ಟು ಮನೆಗಳ ಅಟ್ಟದಲ್ಲಿದೆ ಎಂಬುದು ಬಯಲಾಯಿತು. ಇಂದು ಸಾಧಾರಣ ಗೊಂಬೆಗಳಿಗೆ ಕೊಂಡ ಬೆಲೆಯೂ ಹುಟ್ಟುವುದು ಕಷ್ಟ. ಆದರೂ ಕೆಲವು ವಿವರಗಳನ್ನು ನೋಡಿಕೊಳ್ಳಿ. ಡಿಕನ್ಸ್ ವಿಲೇಜಿನ 1984ರ ಕ್ಯಾರಲ್ ಹಾಡುಗಾರರ ಮೂರರ ಗುಂಪಿನಲ್ಲಿ ದೀಪದ ಕಂಬ ಮೊದಲ ತಯಾರಿಕೆಯಲ್ಲಿ ಬಿಳಿ, ಆಮೇಲಿನದರಲ್ಲಿ ಕಪ್ಪು. ಸಂಗ್ರಾಹಕರು ಹುಡುಕುವುದು ಬಿಳಿಯದನ್ನು. ಎರಡರ, ಮೂರರ ಗುಂಪಾಗಿ ಮಾರಿದ್ದರಲ್ಲಿ ಒಂದು ಕಾಣೆಯಾದರೆ ಉಳಿದದ್ದರ ಬೆಲೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಮೂಲ ಪೆಟ್ಟಿಗೆ, ಅದರ ಹೊರ ಕವಚ, ಒಳಗಿನ ಅಚ್ಚಿನ ಫೋಮ್ ಇವಿಷ್ಟೂ ಇದ್ದರೆ ಮಾತ್ರ ಒಳ್ಳೆಯ ಬೆಲೆಯ ಮಾತು. ನಿಮ್ಮ ಪೆಟ್ಟಿಗೆಯಲ್ಲಿ ಹೆಚ್ಚು ಗಮನ ಬೇಡುವುದು ಬಹುಶಃ ಆ ಸೀಸದ ಗೊಂಬೆಗಳು. ಮೂಲ ಬಣ್ಣ ಉಳಿದಿದ್ದರೆ ಅವಕ್ಕೆ ಆಟಿಕೆ ಸಂಗ್ರಾಹಕರ ಬೇರೆಯದೇ ಮಾರುಕಟ್ಟೆ ಇದೆ, ಮತ್ತೆ ಬಣ್ಣ ಬಳಿದರೆ ಆ ಬೆಲೆ ಹೋದಂತೆಯೇ.

ಸ್ವಚ್ಛ ಮಾಡಲು ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆಯ ಬ್ರಷ್ಷು ಸಾಕು. ಸೀಸದವನ್ನು ಬಿಟ್ಟು ಉಳಿದವನ್ನು ಮೇಲಿನಿಂದ ಕೆಳಕ್ಕೆ ಒಣದಾಗಿ ಒರೆಸಿ. ಮೊಂಡು ಕಲೆ ಇದ್ದರೆ ಹತ್ತಿಯ ಕಡ್ಡಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ತಳದ ಕಾಣದ ಜಾಗದಲ್ಲಿ ಪರೀಕ್ಷಿಸಿ ಮುಂದುವರಿಯಿರಿ. ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಬೇಡಿ, ಅಕ್ರಿಲಿಕ್ ಬಣ್ಣ ಅದರಲ್ಲಿ ಕರಗುತ್ತದೆ. ಮಿನುಗುವ ಹಿಮ ಅಂಟಿಸಿದ ಗೊಂಬೆಗೆ ನೀರೂ ಬೇಡ.

ಇಡುವ ವಿಷಯಕ್ಕೆ ಬಂದರೆ, ಶತ್ರು ಧೂಳಿಗಿಂತ ಹೆಚ್ಚಾಗಿ ಸುತ್ತಿಟ್ಟ ವಸ್ತುವೇ. ಮೆತ್ತನೆಯ ಪಾಲಿಯುರೆಥೇನ್ ಸ್ಪಂಜು ಕೆಲವು ದಶಕಗಳಲ್ಲಿ ಪುಡಿಯಾಗಿ ಗೊಂಬೆಗೆ ಅಂಟಿಕೊಳ್ಳುತ್ತದೆ. ಮೃದುವಾದ ಪಿವಿಸಿ ಚೀಲದಿಂದ ಎಣ್ಣೆಯಂಥ ಅಂಶ ಜಿನುಗಿ ಬಣ್ಣ ಜಿಗುಟಾಗುತ್ತದೆ. ಗುಳ್ಳೆಯ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಮೂಡಬಹುದು, ದಿನಪತ್ರಿಕೆಯ ಮಸಿಯೂ ಹತ್ತುತ್ತದೆ. ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಮೊದಲು ಸುತ್ತಿ, ಮೇಲೆ ಬೇಕಾದದ್ದನ್ನು ಹೊದಿಸಿ. ಬಿಸಿಲಿಗೆ ಕಾಯುವ ಅಟ್ಟವೂ ಒದ್ದೆ ನೆಲಮಾಳಿಗೆಯೂ ಬೇಡ, ಜನ ಓಡಾಡುವ ಕೋಣೆಯ ಕಪಾಟೇ ಸರಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬ್ಯಾಟರಿಗಳನ್ನು ಒಂದೂ ಬಿಡದೆ ತೆಗೆಯಿರಿ. ಆಗಲೇ ಸೋರಿದ್ದರೆ ಬಿಳಿಯ ಪದರಕ್ಕೆ ಹತ್ತಿಯ ಕಡ್ಡಿಯಲ್ಲಿ ಒಂದೆರಡು ಹನಿ ವಿನೆಗರ್ ಒತ್ತಿ, ಒರೆಸಿ, ಪೂರ್ತಿ ಒಣಗಿಸಿ. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರವಾದ್ದರಿಂದ ಹುಳಿ ಅದನ್ನು ಶಮನಗೊಳಿಸುತ್ತದೆ. ಕೈಗವಸು ಇರಲಿ.

ಸೀಸದ ಗೊಂಬೆಗಳಿಗೆ ಮಾತ್ರ ಈ ಕಪಾಟಿನ ಮಾತು ಅನ್ವಯಿಸುವುದಿಲ್ಲ. ಮರದಿಂದ, ಅದರಲ್ಲೂ ಓಕ್ ಮರದಿಂದ, ಮತ್ತು ಅಗ್ಗದ ರಟ್ಟಿನಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ, ಮೊದಲೇ ಹೇಳಿದ ಬಿಳಿ ಪುಡಿ ಹುಟ್ಟುವುದು ಹಾಗೆ. ಅಂದವಾದ ಮರದ ಗಾಜಿನ ಕಪಾಟಿನಲ್ಲಿ ಮುಚ್ಚಿಟ್ಟ ಗೊಂಬೆಗಳೇ ಹೆಚ್ಚು ಹಾಳಾಗುವುದು ಈ ಕಾರಣಕ್ಕೆ. ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ, ಆಮ್ಲರಹಿತ ಕಾಗದದಲ್ಲಿ, ಒಣಗಿದ ಜಾಗದಲ್ಲಿ ಇಡಿ. ಪುಡಿ ಎದ್ದಿರುವ ಗೊಂಬೆಯನ್ನು ಉಳಿದವುಗಳಿಂದ ಬೇರೆ ಮಾಡಿ, ಮುಚ್ಚಿದ ಡಬ್ಬಿಯಲ್ಲೇ ಲೋಹ ಸಂರಕ್ಷಣೆ ಬಲ್ಲವರ ಬಳಿಗೆ ಒಯ್ಯಿರಿ.

ಕೊನೆಗೆ ನಿಮ್ಮ ಸ್ಕೇಟಿಂಗ್ ಹುಡುಗಿ. ಕೈ ಮುರಿದ ಜಾಗದ ಒಳಭಾಗ ನೋಡಿ. ಸುಣ್ಣದಂತೆ ಬಿಳಿಯಾಗಿದ್ದು ಸೂಜಿಯಿಂದ ಗೀರಿದರೆ ಗೆರೆ ಬೀಳುವಂತಿದ್ದರೆ ಅದು ಕಲ್ಲಿನ ಪುಡಿ ಬೆರೆಸಿದ ರೆಸಿನ್, ಸಕ್ಕರೆಯ ಕಲ್ಲಿನಂತೆ ಹರಳು ಹರಳಾಗಿ ಗಟ್ಟಿಯಾಗಿದ್ದರೆ ಪಿಂಗಾಣಿ. ರೆಸಿನ್ ಆದರೆ ಜೆಲ್ ರೂಪದ ಸೂಪರ್ ಗ್ಲೂ ಸಾಕು, ಸೂಜಿಯ ತುದಿಯಲ್ಲಿ ಬರುವಷ್ಟೇ ಹಚ್ಚಿ, ಉಸಿರು ಬಿಗಿಹಿಡಿದು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಪಿಂಗಾಣಿಯಾಗಿದ್ದು ಹಳೆಯ, ಬೆಲೆಯುಳ್ಳ ತುಣುಕಾಗಿದ್ದರೆ ಸೂಪರ್ ಗ್ಲೂ ಬೇಡ. ವಸ್ತುಸಂಗ್ರಹಾಲಯದವರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ತನ್ನಿ, ಜೋಡಣೆ ಸರಿಬಾರದಿದ್ದರೆ ಅದನ್ನು ಅಸಿಟೋನಿನಿಂದ ಬಿಡಿಸಿ ಮತ್ತೆ ಅಂಟಿಸಬಹುದು. ಅಸಿಟೋನ್ ಬಣ್ಣಕ್ಕೆ ತಾಗದಂತೆ ಮುರಿದ ಅಂಚಿಗಷ್ಟೇ ಅದು ಸೀಮಿತವಾಗಿರಲಿ. ಬಿರುಕಿನ ಗೆರೆಗೆ ಬಣ್ಣ ಹಚ್ಚುವ ಆತುರ ಬೇಡ. ಕೋಟಿನ ತೋಳಿನ ಮಡಿಕೆಯಲ್ಲೇ ಮುರಿದಿದ್ದರೆ ಗೆರೆ ಹೇಗೂ ಕಾಣುವುದಿಲ್ಲ, ಬೇರೆ ಕಡೆಯಾದರೆ ಆ ಕೈಯನ್ನು ಕೊಳದ ಹಿಂಬದಿಗೆ ತಿರುಗಿಸಿ ನಿಲ್ಲಿಸಿ.